ಉಸಿರು ಬಿಟ್ಟು ಅಂಗಾಲು ಹಿಡಿದೆ: ಆನ್‌ಲೈನ್ ಥೆರಪಿಯ ನನ್ನ ಅನುಭವ

ರಾತ್ರಿ ಇದ್ದಕ್ಕಿದ್ದ ಹಾಗೆ ಎದೆ ಡವಡವ ಅನ್ನುವುದು, ಕೈ ತಣ್ಣಗಾಗುವುದು, ಈಗಲೇ ಏನೋ ಆಗಿಬಿಡುತ್ತದೆ ಅನ್ನುವ ಭಯ. ಇಸಿಜಿ ಸರಿಯಾಗಿಯೇ ಇತ್ತು. ಇದು ಪ್ಯಾನಿಕ್, ಸೈಕಾಲಜಿಸ್ಟ್ ಹತ್ತಿರ ಮಾತಾಡಿ ಅಂದರು ಡಾಕ್ಟರು. ನಮ್ಮ ತಾಲೂಕಿನಲ್ಲಿ ಯಾರೂ ಸಿಗಲಿಲ್ಲ. ಬೆಂಗಳೂರಿನ ಒಬ್ಬರು ಮೇಡಂ ವಿಡಿಯೋ ಕಾಲ್‌ನಲ್ಲಿ ನೋಡಲು ಒಪ್ಪಿದರು, ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ಆಗುತ್ತಿರುವುದನ್ನು ಗಮನಿಸುವ ಧ್ಯಾನ, ಕಲಿಸುತ್ತೇನೆ ಅಂದರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯ ನೋಂದಣಿ ಇರಬೇಕು. ನಂಬರ್ ಕೇಳಿದೆ, ಕೂಡಲೇ ಕೊಟ್ಟರು. ನೀವೂ ಕೇಳಿ, ಸಂಕೋಚ ಬೇಡ.

ಮೊದಲ ದಿನ ಧ್ಯಾನದ ಮಾತೇ ಬರಲಿಲ್ಲ. ಈಗ ಎಲ್ಲಿ ಕೂತಿದ್ದೀರಿ, ಪೂರ್ತಿ ವಿಳಾಸ ಏನು, ಮಾತು ಬೇರೆ ಯಾರಿಗಾದರೂ ಕೇಳಿಸುತ್ತಾ, ತುರ್ತು ಬಂದರೆ ಯಾರಿಗೆ ಫೋನ್ ಮಾಡಲಿ, ಕಾಲ್ ಕಟ್ ಆದರೆ ಏನು ಮಾಡೋಣ. ಎಲ್ಲ ಬರೆದುಕೊಂಡರು. ನಾನು ಅತ್ತಿಗೆಯ ನಂಬರ್ ಕೊಟ್ಟೆ. ಇಷ್ಟು ವಿಚಾರಿಸುವವರ ಮೇಲೆ ನಂಬಿಕೆ ತಾನಾಗಿ ಬರುತ್ತದೆ.

ಧ್ಯಾನ ನಮಗೆ ಹೊಸದಲ್ಲ ಅಲ್ವಾ, ಇದರಲ್ಲಿ ಬೇರೆ ಏನಿದೆ ಅಂತ ಕೇಳಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಇದನ್ನು ಆಸ್ಪತ್ರೆಯ ರೋಗಿಗಳಿಗೆ, ಬಹಳ ಕಾಲದ ನೋವಿರುವವರಿಗೆ, ತರಬೇತಿಯಾಗಿ ಕಲಿಸಲು ಶುರು ಮಾಡಿದರಂತೆ. ಮನಸ್ಸು ಖಾಲಿ ಮಾಡುವುದು ಗುರಿಯಲ್ಲ, ಬಂದದ್ದನ್ನು ಬಂದ ಹಾಗೆ ಗಮನಿಸುವುದು ಅಂದರು.

ಮುಂದಿನ ಸಲ ಕಣ್ಣು ಮುಚ್ಚಿ ಉಸಿರಿನ ಕಡೆ ಗಮನ ಕೊಟ್ಟೆ. ಉಸಿರು ಸಿಕ್ಕಿಕೊಂಡ ಹಾಗಾಯಿತು, ಎದೆ ಬಿಗಿಯಿತು. ನಾನು ಹೇಳುವ ಮೊದಲೇ ಮೇಡಂ, 'ಭುಜ ಮೇಲೆ ಹೋಗ್ತಿದೆ. ಕಣ್ಣು ಬಿಡಿ, ಉಸಿರು ಬಿಟ್ಟುಬಿಡಿ, ಅಂಗಾಲು ನೆಲಕ್ಕೆ ತಾಗಿರೋದು ಗೊತ್ತಾಗ್ತಿದೆಯಾ?' ಅಂದರು. ಮುಖ ಮಾತ್ರ ಅಲ್ಲ, ಎದೆವರೆಗೂ ಕಾಣುವ ಹಾಗೆ ಫೋನ್ ಇಡಲು ಹೇಳಿದ್ದು ಇದಕ್ಕೇ. ಪ್ಯಾನಿಕ್ ಇರುವ ಕೆಲವರಿಗೆ ಉಸಿರನ್ನು ನೋಡುವುದೇ ಭಯ ಹೆಚ್ಚಿಸುತ್ತದೆಯಂತೆ. ರೆಡ್ ಆಕ್ಸೈಡ್ ನೆಲದ ತಂಪು, ಹಿಮ್ಮಡಿಯ ಭಾರ, ಅಷ್ಟೇ ಸಾಕಾಯಿತು. ಫೋನಿನಲ್ಲಿ ಹಾಕಿಕೊಂಡು ಕೇಳುವ, ರೆಕಾರ್ಡ್ ಮಾಡಿದ ಧ್ಯಾನದ ಧ್ವನಿಗೆ ನನ್ನ ಭುಜ ಕಾಣುವುದಿಲ್ಲ. ಸೈಕಾಲಜಿಸ್ಟ್ ಬೇಕು ಅಂತ ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆದರೆ ನನಗೆ ಕಿರಿಕಿರಿ. ಅವರು ಅದನ್ನೂ ಅಭ್ಯಾಸಕ್ಕೆ ಸೇರಿಸಿಕೊಂಡರು: ಶಬ್ದ ಬಂತು, ಹೊಟ್ಟೆ ಬಿಗಿಯಾಯ್ತು, ಸಡಿಲವಾಯ್ತು, ಅಷ್ಟನ್ನು ನೋಡಿ. ಪ್ಯಾನಿಕ್ ಬರುವುದು ಇದೇ ಕೋಣೆಯಲ್ಲಿ, ಕಲಿತದ್ದೂ ಇಲ್ಲೇ. ನನ್ನ ಮಟ್ಟಿಗೆ ಆನ್‌ಲೈನ್‌ನ ದೊಡ್ಡ ಲಾಭ ಇದು.

ದಿನಾ ಮಾಡಿದ್ದು ಮೂರು ನಿಮಿಷದ ಅಭ್ಯಾಸ. ಮೊದಲು, ಈಗ ಒಳಗೆ ಏನಿದೆ ಅಂತ ನೋಡುವುದು. ಆಮೇಲೆ ಒಂದೇ ಜಾಗಕ್ಕೆ ಗಮನ. ಸಾಮಾನ್ಯವಾಗಿ ಇಲ್ಲಿ ಉಸಿರು ಇರುತ್ತದೆ, ನನಗೆ ಅಂಗಾಲು. ಕೊನೆಗೆ ಇಡೀ ಮೈ. ಎಷ್ಟು ಹೊತ್ತು ಕೂತೆ ಅಂತ ಮೇಡಂ ಯಾವತ್ತೂ ಕೇಳಲಿಲ್ಲ, ಏನು ಗಮನಿಸಿದಿರಿ ಅಂತ ಕೇಳಿದರು. 'ಸಾಯ್ತೀನಿ' ಅನ್ನುವ ಜಾಗದಲ್ಲಿ 'ಎದೆ ಬಿಗಿ, ಕೈ ತಂಪು' ಅನ್ನುವುದು ನಿಧಾನಕ್ಕೆ ರೂಢಿಯಾಯಿತು.

ನಿದ್ದೆ ಪೂರ್ತಿ ಕೆಟ್ಟಾಗ ಅವರೇ ಸೈಕಿಯಾಟ್ರಿಸ್ಟ್, ಅಂದರೆ ಮಾತ್ರೆ ಬರೆಯುವ ಮನೋವೈದ್ಯರ ಹತ್ತಿರ ಕಳಿಸಿದರು. ಮಾತ್ರೆ ಮತ್ತು ಅಭ್ಯಾಸ ಎರಡೂ ಜೊತೆಗೇ ನಡೆದವು. ಪ್ಯಾನಿಕ್ ಈಗಲೂ ಅಪರೂಪಕ್ಕೆ ಬರುತ್ತದೆ, ಆದರೆ ರಾತ್ರಿ ಆಸ್ಪತ್ರೆಗೆ ಓಡುವುದು ನಿಂತಿದೆ.

ಫೀಸು ಕೊಡಲು ಕಷ್ಟ ಇದ್ದರೆ, ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, 2022ರಿಂದ ಇದೆ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.