ಪುಣೆ ಕೋರ್ಟಲ್ಲಿ ವಕೀಲರಿಲ್ಲದೆ ನಿಲ್ಲುವುದಾದರೆ

ಶಿವಾಜಿನಗರದ ಜಿಲ್ಲಾ ಕೋರ್ಟಲ್ಲಿ ನಿಮ್ಮ ಸಿವಿಲ್ ಕೇಸನ್ನು ನೀವೇ ನಡೆಸಬಹುದು. ಜಡ್ಜ್ ನಿಮ್ಮ ಮಾತು ಕೇಳುತ್ತಾರೆ, ಆದರೆ ನಿಮ್ಮ ಪರವಾಗಿ ವಾದ ಮಾಡಿಕೊಡುವುದಿಲ್ಲ, ವಕೀಲರಿಲ್ಲ ಅಂತ ನಿಯಮವನ್ನೂ ಬದಲಿಸುವುದಿಲ್ಲ.

ಕೈಸಾಲದ ಕೇಸಿಗೆ ನಾನು ಮೊದಲ ಸಲ ನಿಂತಾಗ, ಹಣ ತಗೊಂಡವನು ಎಷ್ಟು ಸತಾಯಿಸಿದ ಅಂತ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಲು ಶುರು ಮಾಡಿದ್ದೆ. ಜಡ್ಜ್ ಕೈ ಎತ್ತಿ ಮರಾಠಿಯಲ್ಲಿ ಒಂದೇ ಮಾತು ಕೇಳಿದರು: ‘ಪಾವತೀ ಕುಠೇ ಆಹೇ?’ ಅಂದರೆ, ರಸೀದಿ ಎಲ್ಲಿದೆ? ರಸೀದಿ ಚೀಲದ ತಳದಲ್ಲಿತ್ತು. ಹುಡುಕುವಾಗ ಕೈ ನಡುಗುತ್ತಿತ್ತು. ಹಾಗಾಗಿ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪುಟಕ್ಕೆ ನಂಬರ್ ಹಾಕಿ, ಇನ್ನೊಂದು ಸೆಟ್ ಇಟ್ಟುಕೊಳ್ಳಿ. ಕೂಗಿದಾಗ ಎದ್ದು ನಿಂತು ಹೆಸರು ಹೇಳಿ, ನನಗೆ ವಕೀಲರಿಲ್ಲ, ಮರಾಠಿ ಕಷ್ಟ ಅಂತ ಮೊದಲೇ ತಿಳಿಸಿ.

ನಿಮ್ಮ ಮೇಲೆಯೇ ಕೇಸ್ ಆಗಿದ್ದರೆ, ಸಮನ್ಸ್ ಸಿಕ್ಕ 30 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಕಾರಣ ಸರಿಯಿದ್ದರೆ ಜಡ್ಜ್ ಅದನ್ನು 90 ದಿನದವರೆಗೆ ಬೆಳೆಸಬಹುದು. ತಾರೀಖು ಮಾತ್ರ ತಪ್ಪಿಸಬೇಡಿ, ನೀವಿಲ್ಲದೆಯೇ ಆದೇಶ ಆಗಿಬಿಡಬಹುದು. ಪ್ರತಿ ತಾರೀಖಿನ ನಂತರ ರೋಜನಾಮಾ ನೋಡಿ, ಅಂದು ಏನಾಯಿತು ಅಂತ ಅದರಲ್ಲಿ ಬರೆದಿರುತ್ತದೆ.

ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನಿನಡಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.