ಮಸುಕಾದ ಗೆಲಾಕ್ಸಿ ಜೋಡಿಗಳನ್ನು ನಾನು ನೋಡುವ ಬಗೆ

ಗುರುತ್ವದ ಸೆಳೆತದಿಂದ ಒಂದರ ರೂಪವನ್ನೊಂದು ಕದಡಿರುವ ಗೆಲಾಕ್ಸಿಗಳ ವೀಕ್ಷಣೆಗೆ ನಾನು ಬಳಸುವುದು 20 ಅಂಗುಲ ವ್ಯಾಸದ ದರ್ಪಣವುಳ್ಳ, ಎಫ್/4 ಅನುಪಾತದ (ಅಂದರೆ ನಾಭಿದೂರ ವ್ಯಾಸದ ನಾಲ್ಕು ಪಟ್ಟಿರುವ) ಡಾಬ್ಸೋನಿಯನ್ ದೂರದರ್ಶಕವನ್ನು, ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವಂಥದ್ದನ್ನು. ಯಾವುದನ್ನು ನೋಡಬೇಕೆಂಬುದಕ್ಕೆ ಖಗೋಳಶಾಸ್ತ್ರಜ್ಞ ಹಾಲ್ಟನ್ ಆರ್ಪ್ 1966ರಲ್ಲಿ ಪ್ರಕಟಿಸಿದ, 338 ನಮೂದುಗಳುಳ್ಳ ವಿಲಕ್ಷಣ ಗೆಲಾಕ್ಸಿಗಳ ಅಟ್ಲಾಸೇ ನನಗೆ ಆಧಾರ. ಆದರೆ ವೀಕ್ಷಣೆಗೆ ಮುನ್ನ ಅದರ ಚಿತ್ರಗಳನ್ನು ತೆರೆಯುವುದಿಲ್ಲ. ನಕ್ಷೆಯಲ್ಲಿ ಸ್ಥಾನವನ್ನಷ್ಟೇ ಗುರುತು ಹಾಕಿಕೊಳ್ಳುತ್ತೇನೆ. ಗೆಲಾಕ್ಸಿಯ ಬಾಲ, ಅಂದರೆ ಸೆಳೆತಕ್ಕೆ ಸಿಕ್ಕಿ ಹೊರಚಾಚಿದ ನಕ್ಷತ್ರಗಳ ಉದ್ದನೆಯ ಎಳೆ, ಯಾವ ದಿಕ್ಕಿಗೆ ಚಾಚಿದೆಯೆಂದು ಮೊದಲೇ ತಿಳಿದಿದ್ದರೆ, ಕಾಣದಿದ್ದುದನ್ನೂ ಕಂಡಂತೆ ಮನಸ್ಸು ನಂಬಿಬಿಡುತ್ತದೆ.

ದರ್ಪಣ ಹೊರಗಿನ ಗಾಳಿಯ ಉಷ್ಣತೆಗೆ ಇಳಿಯಬೇಕು, ಕಣ್ಣು ಕನಿಷ್ಠ ಅರ್ಧ ಗಂಟೆ ಕತ್ತಲಿಗೆ ಒಗ್ಗಬೇಕು. ಆಮೇಲಿನ ಮುಖ್ಯ ಪ್ರಶ್ನೆ ವರ್ಧನೆಯದು. ಮಸುಕಾದ ವಸ್ತುವಿಗೆ ಕಡಿಮೆ ವರ್ಧನೆಯೇ ಸರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ನನ್ನ ದೂರದರ್ಶಕದಲ್ಲಿ ಸುಮಾರು 200 ಪಟ್ಟು ವರ್ಧನೆ ಕೊಡುತ್ತದೆ. ಆಗ ಗೆಲಾಕ್ಸಿ ಮತ್ತು ಹಿನ್ನೆಲೆಯ ಆಕಾಶ ಎರಡೂ ಒಂದೇ ಪ್ರಮಾಣದಲ್ಲಿ ಮಂಕಾಗುವುದರಿಂದ ಅವುಗಳ ನಡುವಿನ ವ್ಯತ್ಯಾಸದ ಅನುಪಾತ ಬದಲಾಗುವುದಿಲ್ಲ. ಆದರೆ ಹಿಗ್ಗಿದ ಕಲೆಯನ್ನು ಕತ್ತಲಿಗೆ ಒಗ್ಗಿದ ಕಣ್ಣು ಹೆಚ್ಚು ಸುಲಭವಾಗಿ ಗ್ರಹಿಸುತ್ತದೆ. ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಬಳಸುವ, ಕೆಲವೇ ತರಂಗಾಂತರಗಳ ಬೆಳಕನ್ನು ಒಳಬಿಡುವ ಫಿಲ್ಟರ್ ಇಲ್ಲಿ ಪ್ರಯೋಜನಕ್ಕೆ ಬಾರದು, ಏಕೆಂದರೆ ಇಲ್ಲಿನ ಬೆಳಕು ಬಹುತೇಕ ನಕ್ಷತ್ರಗಳದ್ದು, ಎಲ್ಲ ತರಂಗಾಂತರಗಳಲ್ಲೂ ಹರಡಿಕೊಂಡಿರುತ್ತದೆ.

ಹಸ್ತಾ ನಕ್ಷತ್ರಪುಂಜದ ಎನ್‌ಜಿಸಿ (ಗೆಲಾಕ್ಸಿ, ನೀಹಾರಿಕೆ ಮುಂತಾದವುಗಳ ಪಟ್ಟಿ) 4038 ಮತ್ತು 4039, ಅಂದರೆ ಆಂಟೆನಾ ಗೆಲಾಕ್ಸಿಗಳು, ಈ ವರ್ಧನೆಯಲ್ಲಿ ಸಿಗಡಿಯಂತೆ ಬಾಗಿದ ಎರಡು ಹಾಲೆಗಳಾಗಿ ಬೇರ್ಪಡುತ್ತವೆ. ಉತ್ತರದ ಹಾಲೆಯ ಅಂಚಿನಲ್ಲಿ ಬೆಳಕು ಗಂಟುಗಂಟಾಗಿದೆ. ಅವು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತಾಣಗಳು. ಇಂಥ ಗೆಲಾಕ್ಸಿಗಳ ಉದ್ದನೆಯ ಬಾಲಗಳು ಉಬ್ಬರವಿಳಿತದ ಬಲದಿಂದಲೇ (ಹತ್ತಿರದ ಮತ್ತು ದೂರದ ಭಾಗಗಳ ಮೇಲಿನ ಗುರುತ್ವ ಸೆಳೆತದ ವ್ಯತ್ಯಾಸದಿಂದಲೇ) ಮೂಡಬಲ್ಲವೆಂದು ಖಗೋಳ ವಿಜ್ಞಾನಿಗಳಾದ ಟೂಮ್ರೆ ಸಹೋದರರು 1972ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಆ ಬಾಲಗಳು ನೇರ ದೃಷ್ಟಿಗೆ ಸಿಗುವುದಿಲ್ಲ. ನೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕೊಳವೆಯನ್ನು ಬೆರಳ ತುದಿಯಿಂದ ಮೆಲ್ಲನೆ ತಟ್ಟುತ್ತೇನೆ. ನಿಶ್ಚಲವಾಗಿದ್ದಾಗ ಮರೆಯಾಗಿದ್ದ ಮಬ್ಬು ಅಲುಗಿದಾಗ ಗಮನಕ್ಕೆ ಬರುತ್ತದೆ.

ಕಣ್ಣು ತೆಗೆದು ಮತ್ತೆ ಮತ್ತೆ ನೋಡಿದಾಗಲೂ ಅದೇ ಜಾಗದಲ್ಲಿ ಕಂಡದ್ದಕ್ಕೆ ಮಾತ್ರ ರೇಖಾಚಿತ್ರದಲ್ಲಿ ತುಂಬು ಗೆರೆ, ಅನುಮಾನವಿದ್ದದ್ದಕ್ಕೆ ಚುಕ್ಕಿಗೆರೆ. ಸುಮಾರು 30 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4676 ಜೋಡಿಯಲ್ಲಿ ಉತ್ತರಕ್ಕೆ ನೆಟ್ಟಗೆ ಚಾಚಿದ ಬಾಲಕ್ಕೆ ನಾನು ಹಾಕಿದ್ದು ಚುಕ್ಕಿಗೆರೆಯನ್ನೇ. ಮರುದಿನ ಅಟ್ಲಾಸ್ ತೆರೆದು ನೋಡಿದಾಗ ದಿಕ್ಕು ಸರಿಯಾಗಿತ್ತು. ಆದರೂ ಅದನ್ನು ತುಂಬು ಗೆರೆಯಾಗಿ ತಿದ್ದಲಿಲ್ಲ, ನನಗೆ ಕಾಣದ ಇನ್ನೊಂದು ಬಾಲವನ್ನು ಸೇರಿಸಲೂ ಇಲ್ಲ.