ಆಸರಿಗೆ ಕಷಾಯ

ತಾಳಗುಪ್ಪದಲ್ಲಿ ರೈಲು ಇಳಿದವರು ಸಿದ್ದಾಪುರ ದಾಟಿ ನಮ್ಮನೆ ಅಂಗಳಕ್ಕೆ ಬರುವಾಗ ಬೆಳಗಿನ ಎಂಟು ಗಂಟೆಯಾದರೂ ತೋಟದ ಮೇಲಿನ ಮಂಜು ಎದ್ದಿರುವುದಿಲ್ಲ. ಡಿಸೆಂಬರ್ ಕೊನೆಯ ವಾರ, ಬೆಂಗಳೂರಿನ ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಅಕ್ಕನ ಸಂಸಾರ, ಭಾವನ ತಮ್ಮನ ಸಂಸಾರ, ಜೋಗ ನೋಡುತ್ತೇವೆಂದು ಅವರ ಜೊತೆ ಹೊರಟುಬಂದ ಆಫೀಸಿನ ಒಬ್ಬಿಬ್ಬರು. ಎಲ್ಲ ಸೇರಿ ಹನ್ನೆರಡು ತಲೆ. ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಒಳಗಿನಿಂದ ಆಯಿಯ, ಅಂದರೆ ಅಮ್ಮನ, ದನಿ ಬರುತ್ತದೆ: “ಆಸ್ರಿಗೆ ಎಂತ ಮಾಡ್ಲಿ?”

ಆಸರು ಅಂದರೆ ದಣಿವು, ಬಾಯಾರಿಕೆ. ನಮ್ಮ ಕಡೆಯ ಹವ್ಯಕರ ಮನೆಗಳಲ್ಲಿ ಬಂದವರಿಗೆ ಕೇಳುವ ಮೊದಲ ಪ್ರಶ್ನೆ ಇದು. ಬೇಸಗೆಯಲ್ಲಾದರೆ ಬೆಲ್ಲ ನೀರು ಕೊಟ್ಟರೂ ನಡೆಯುತ್ತದೆ. ಮಳೆಗಾಲ, ಚಳಿಗಾಲದಲ್ಲಿ ಕಷಾಯ. ಆಯಿ ಕೇಳುವುದೇನೋ ಕೇಳುತ್ತಾಳೆ, ಆದರೆ ಮಂಡಿನೋವು ಹೆಚ್ಚಾಗಿ ಒಲೆಯ ಮುಂದೆ ನಿಲ್ಲಲು ಆಗದ ಮೇಲೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬಂದವನಿಗೆ ಕಷಾಯ ಒಂದು ದೊಡ್ಡ ವಿಷಯವೇ ಅಂದುಕೊಂಡಿದ್ದೆ.

ಮೊದಲ ವರ್ಷವೇ ಮರ್ಯಾದೆ ಹೋಯಿತು. ಆಯಿ ಕುಟ್ಟಿಟ್ಟ ಪುಡಿ ಡಬ್ಬಿಯಲ್ಲಿತ್ತು. ಚಳಿ ಜೋರಾಗಿದೆ, ಇನ್ನಷ್ಟು ಖಾರ ಇರಲಿ ಅಂತ ನನ್ನದೊಂದು ಸ್ವಂತ ಬುದ್ಧಿ: ಹಸಿ ಶುಂಠಿ ಜಜ್ಜಿ, ಉಗುರುಬೆಚ್ಚಗಿದ್ದ ಹಾಲಿಗೇ ಹಾಕಿ ಸಣ್ಣ ಉರಿಯಲ್ಲಿಟ್ಟೆ. ಮೇಲಿಂದ ಜೋನಿ ಬೆಲ್ಲ, ಅಂದರೆ ನೀರಾಗಿರುವ ಬೆಲ್ಲ, ಸುರಿದೆ. ಐದೇ ನಿಮಿಷ. ಪಾತ್ರೆಯೊಳಗೆ ಬಿಳಿ ಹರಳು ಹರಳಾಗಿ ತೇಲತೊಡಗಿತು, ಕೆಳಗೆ ಕಂದು ನೀರು ನಿಂತಿತು. ಹೊರಗೆ ಹನ್ನೆರಡು ಜನ ಚಾಪೆಯ ಮೇಲೆ ಕಾಲು ಮುದುಡಿ ಕೂತಿದ್ದಾರೆ. ಆಯಿ ಬಾಗಿಲಿನಿಂದಲೇ ಮೂಸಿ ನೋಡಿ, “ಹಾಲು ಒಡದೋತನ ತಮಾ?” ಅಂದಳು. ಮನೆಯಲ್ಲಿದ್ದ ಹಾಲೆಲ್ಲ ಅದರಲ್ಲೇ ಮುಗಿದಿತ್ತು. ಆ ದಿನ ಎಲ್ಲರಿಗೂ ಕರಿ ಕಷಾಯ.

ಆಮೇಲೆ ಓದಿ ತಿಳಿದುಕೊಂಡೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ತುಂಡರಿಸುವ ಒಂದು ಕಿಣ್ವ ಇದೆ. ಹಾಲು ಕುದಿಯುವುದಕ್ಕಿಂತ ಕೆಳಗೆ, 60-70 ಡಿಗ್ರಿಯ ಆಸುಪಾಸಿನಲ್ಲಿ ಅದಕ್ಕೆ ಕೈತುಂಬ ಕೆಲಸ. ಚೀನಾದ ಗುವಾಂಗ್‌ಡಾಂಗ್ ಕಡೆ ಇದನ್ನೇ ಉಪಾಯ ಮಾಡಿಕೊಂಡು, ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು ಮೊಸರಿನಂತೆ ಗಟ್ಟಿಯಾಗುವ ಸಿಹಿ ಮಾಡುತ್ತಾರಂತೆ. ನಮಗೆ ಅದು ಬೇಡ. ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿಬಿಟ್ಟರೆ ಕಿಣ್ವದ ಆಟ ಮುಗಿಯಿತು. ಎರಡನೆಯ ತಪ್ಪು ಬೆಲ್ಲದ್ದು. ಆಲೆಮನೆ ನಡೆಯುವುದು ಸಂಕ್ರಾಂತಿಯ ಆಚೀಚೆ. ಅಂದರೆ ಡಿಸೆಂಬರಿನಲ್ಲಿ ಡಬ್ಬಿಯಲ್ಲಿರುವುದು ಹೋದ ವರ್ಷದ ಜೋನಿ. ತಳದಲ್ಲಿ ಸಕ್ಕರೆ ಹರಳು ಕೂತಿರುತ್ತದೆ, ಕೆಲವೊಮ್ಮೆ ಮೇಲೆ ಸಣ್ಣ ಹುಳಿ ಬಂದಿರುತ್ತದೆ. ಅದನ್ನು ಕುದಿಯುವ ಹಾಲಿಗೆ ಸುರಿದರೆ ಒಡೆಯದೆ ಇನ್ನೇನಾದೀತು!

ಪುಡಿಯ ವಿಷಯಕ್ಕೆ ಬರೋಣ. ನಾನು ಮಾಡುವ ಅಳತೆ: ಕೊತ್ತಂಬರಿ ಬೀಜ 200 ಗ್ರಾಂ, ಜೀರಿಗೆ 75 ಗ್ರಾಂ, ಬಡೇಸೋಪು 25, ಕಾಳುಮೆಣಸು 20, ಒಣ ಶುಂಠಿ 20, ಮೆಂತ್ಯ ಒಂದು ಚಮಚ, ಏಲಕ್ಕಿ ಹತ್ತು, ಲವಂಗ ಆರು, ಬೆರಳುದ್ದ ದಾಲ್ಚಿನ್ನಿ, ಅರ್ಧ ಜಾಯಿಕಾಯಿ. ಮನೆಮನೆಗೂ ಅಳತೆ ಬೇರೆ, ನಮ್ಮದೇ ಸರಿ ಅಂತ ಹೇಳುವುದಿಲ್ಲ. ಆದರೆ ಒಂದರಲ್ಲಿ ನನ್ನದು ಹಟ: ಕೊತ್ತಂಬರಿ ಮುಂದಿರಬೇಕು, ಉಳಿದದ್ದೆಲ್ಲ ಅದರ ಹಿಂದೆ. ಪೇಟೆಯ ಕೆಲವು ಪುಡಿಗಳಲ್ಲಿ ದಾಲ್ಚಿನ್ನಿ, ಲವಂಗ ಜಾಸ್ತಿಯಾಗಿ, ಕುಡಿದರೆ ಪಲಾವ್ ಕುಡಿದ ಹಾಗಿರುತ್ತದೆ. ಜಾಯಿಕಾಯಿಯಲ್ಲಂತೂ ಧಾರಾಳತನ ಸಲ್ಲದು. ಪರಿಮಳಕ್ಕೆ ಚೂರು ಸಾಕು, ಹೆಚ್ಚಾದರೆ ತಲೆ ತಿರುಗುತ್ತದೆ. ನಮ್ಮ ತೋಟದಲ್ಲೇ ಎರಡು ಜಾಯಿಕಾಯಿ ಮರ ಇರುವುದರಿಂದ ನನಗೆ ಕೈ ಬಿಗಿ ಹಿಡಿಯುವುದೇ ಕಷ್ಟ.

ಹುರಿಯುವಾಗ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಕೊತ್ತಂಬರಿ ಬೀಜಕ್ಕೆ ಸಣ್ಣ ಉರಿ, ಕೈಯಲ್ಲಿ ಹಿಡಿದು ತಿಕ್ಕಿದರೆ ಗರಿಗರಿ ಪುಡಿಯಾಗುವಷ್ಟು ಹೊತ್ತು. ಬಣ್ಣ ಬದಲಾಗುವವರೆಗೆ ಬಿಟ್ಟರೆ ಸಾರಿನ ಪುಡಿಯ ವಾಸನೆ ಬರುತ್ತದೆ, ಕಷಾಯದ್ದಲ್ಲ. ಮೆಂತ್ಯ ಕೆಂಪಾಗಬೇಕು, ಕಪ್ಪಾಗಬಾರದು. ಒಂದು ಸಲ ಫೋನು ಬಂತೆಂದು ಹೋಗಿ ಬರುವಷ್ಟರಲ್ಲಿ ಮೆಂತ್ಯ ಸೀದಿತ್ತು. ಒಂದು ಚಮಚ ತಾನೇ ಅಂತ ಅದನ್ನೇ ಬೆರೆಸಿದೆ, ಮುನ್ನೂರು ಗ್ರಾಂಗಿಂತ ಹೆಚ್ಚು ಪುಡಿ ಪೂರ್ತಿ ಕಹಿ. ಏಲಕ್ಕಿ, ಜಾಯಿಕಾಯಿ ಹುರಿಯುವುದೇ ಇಲ್ಲ, ಬಾಣಲೆ ಇಳಿಸಿದ ಮೇಲೆ ಆ ಬಿಸಿಗೆ ಹಾಕಿದರೆ ಸಾಕು. ಪೂರ್ತಿ ಆರಿದ ಮೇಲೆ ಮಿಕ್ಸಿಗೆ, ಅದೂ ತರಿತರಿಯಾಗಿ. ತೀರಾ ನುಣ್ಣಗಾದರೆ ಸೋಸಿದರೂ ಲೋಟದ ತಳದಲ್ಲಿ ಕೆಸರು ನಿಲ್ಲುತ್ತದೆ. ನೆಂಟರು ಬರುವ ವಾರಕ್ಕೆ ಸರಿಯಾಗಿ ಹೊಸ ಪುಡಿ ಮಾಡುತ್ತೇನೆ. ಮಳೆಗಾಲದಲ್ಲಿ ಮಾಡಿಟ್ಟದ್ದು ಡಿಸೆಂಬರಿಗೆ ಬರೀ ಬಣ್ಣ.

ಈಗ ಮಾಡುವ ಕ್ರಮ. ಹಿಂದೆ ನೆಂಟರು ಬಂದ ಮೇಲೆ ಒಲೆ ಹಚ್ಚುತ್ತಿದ್ದೆ. ಅವರು ಜಗಲಿಯಲ್ಲಿ, ನಾನು ಅಡಿಗೆಮನೆಯಲ್ಲಿ. ವರ್ಷಕ್ಕೊಮ್ಮೆ ಬಂದ ಅಕ್ಕನ ಮುಖ ನೋಡಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಈಗ ಅರ್ಧ ಕೆಲಸ ಮೊದಲೇ ಮುಗಿಸುತ್ತೇನೆ. ರೈಲು ಸಾಗರ ಬಿಟ್ಟಿತು ಅಂತ ಅಕ್ಕನ ಮೆಸೇಜ್ ಬಂದ ಕೂಡಲೇ ಒಂದು ಲೀಟರ್ ನೀರು, ಅದಕ್ಕೆ ನಾಲ್ಕು ತುಂಬು ಚಮಚ ಪುಡಿ, ಹಿತ್ತಲಿನ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಎರಡು ಗರಿ ಗಂಟು ಕಟ್ಟಿ, ಬೇಕಿದ್ದರೆ ಜಜ್ಜಿದ ಹಸಿ ಶುಂಠಿ. ಮುಕ್ಕಾಲು ಲೀಟರ್‌ಗೆ ಇಳಿಯುವವರೆಗೆ ಕುದಿಸಿ, ಸೋಸಿ, ಅರ್ಧ ಪಾಲನ್ನು ಜೋನಿ ಬೆಲ್ಲ ಹಾಕಿ ಇನ್ನೊಂದು ಕುದಿ ಬರಿಸುತ್ತೇನೆ. ಉಳಿದರ್ಧಕ್ಕೆ ಬೆಲ್ಲ ಇಲ್ಲ. ಎರಡೂ ಬೇರೆ ಬೇರೆ ಫ್ಲಾಸ್ಕಿಗೆ. ಮುಕ್ಕಾಲು ಲೀಟರ್ ಹಾಲು ಕಾಯಿಸಿ ಮುಚ್ಚಿಡುತ್ತೇನೆ. ನೆಂಟರು ಬಚ್ಚಲಿನ ಹಂಡೆಯ ಬಿಸಿ ನೀರಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಹಾಲನ್ನು ಮತ್ತೆ ಬಿಸಿ ಮಾಡಿದರಾಯಿತು. ಬೆರೆಸುವುದು ಲೋಟದಲ್ಲೇ, ಒಲೆಯ ಮೇಲಲ್ಲ. ಹೀಗೆ ಶುರು ಮಾಡಿದ ಮೇಲೆ ಒಂದು ಸಲವೂ ಹಾಲು ಒಡೆದಿಲ್ಲ.

ಎರಡು ಫ್ಲಾಸ್ಕ್ ಯಾಕೆಂದರೆ, ಹನ್ನೆರಡು ಜನರಲ್ಲಿ ಇಬ್ಬರಿಗಾದರೂ ಶುಗರ್ ಇರುತ್ತದೆ. ಭಾವ ಪ್ರತಿ ಸಲ “ಬೆಲ್ಲ ಆದ್ರೆ ಪರವಾಗಿಲ್ಲ ಮಾರಾಯ, ಸಕ್ಕರೆ ಮಾತ್ರ ಬೇಡ” ಅನ್ನುತ್ತಾರೆ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಅವರು ಮೊದಲ ಲೋಟ ಬೆಲ್ಲ ಇಲ್ಲದ್ದು ಕುಡಿದು, ಎರಡನೆಯದಕ್ಕೆ ಆಯಿಯ ಹತ್ತಿರ ಹೋಗುತ್ತಾರೆ. ಹಾಲು ಆಗದವರಿಗೆ ಕರಿ ಕಷಾಯ ಇದ್ದೇ ಇದೆ, ಅದಕ್ಕೆ ಪ್ರತ್ಯೇಕ ಅಡಿಗೆ ಬೇಡ.

ಕಷಾಯ ಎಂಬ ಹೆಸರೇ ಕೆಲವರಿಗೆ ಅಪಶಕುನ. 2020ರಲ್ಲಿ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿಯ ಕಷಾಯ ಕುಡಿಯಿರಿ ಅಂದಿತ್ತಲ್ಲ, ಆಗ ಮನೆಮನೆಗಳಲ್ಲಿ ಅದನ್ನು ಮದ್ದಿನಂತೆ ಕುದಿಸಿ ಕುಡಿದು ಎಲ್ಲರ ನಾಲಿಗೆಯೂ ಬೇಸತ್ತಿದೆ. ಹೋದ ಸಲ ಬಂದಿದ್ದ ಆಫೀಸಿನವರಲ್ಲಿ ಒಬ್ಬಾಕೆ “ಸರ್, ನಮಗೆ ಜ್ವರ ಏನಿಲ್ಲ, ಟೀ ಇದ್ದರೆ ಕೊಡಿ” ಅಂದುಬಿಟ್ಟರು. ಒತ್ತಾಯ ಮಾಡಲಿಲ್ಲ, ಟೀ ಕೊಟ್ಟೆ. ಪಕ್ಕದವರ ಲೋಟದಿಂದ ಏಲಕ್ಕಿಯ ಹಬೆ ಬಂದಾಗ ಒಂದು ಗುಟುಕು ಕೇಳಿ ಕುಡಿದರು, ಸಂಜೆ ಜೋಗದಿಂದ ಬಂದವರು ತಾವೇ ಅಡಿಗೆಮನೆಗೆ ಬಂದು “ಬೆಳಗ್ಗಿನದ್ದು ಇದೆಯಾ?” ಅಂದರು. ಜಗಲಿಯಲ್ಲಿ ಅವತ್ತು ಕಾಳುಮೆಣಸಿನ ಮಾತು ಬಂತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು ಅಂದಾಗ, ಆ ದಿನವಷ್ಟೇ ಜೋಗ ನೋಡಿ ಬಂದ ಮಕ್ಕಳು ಮರುದಿನ ಗೇರುಸೊಪ್ಪೆಗೇ ಹೋಗಬೇಕೆಂದು ಹಟ ಹಿಡಿದರು. ಘಟ್ಟದ ತಿರುವುಗಳಲ್ಲಿ ಅವರನ್ನು ಕರೆದುಕೊಂಡು ಹೋಗುವ ಕೆಲಸ ಭಾವನಿಗೆ ಬಂತು, ನನಗಲ್ಲ.

ಕೊಡುವ ಪಾತ್ರೆಯ ಬಗ್ಗೆ ಒಂದು ಮಾತು. ಸ್ಟೀಲ್ ಲೋಟ ನೋಡಲು ಚೆಂದ, ಹಿಡಿಯಲು ಬೆಂಕಿ. ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಬಿಸಿ ತಟ್ಟನೆ ಗೊತ್ತಾಗದೆ ಅಕ್ಕನ ಮಗ ಒಮ್ಮೆ ಪೂರ್ತಿ ಲೋಟವನ್ನು ಚಾಪೆಗೆ ಕುಡಿಸಿದ್ದಾನೆ. ಈಗ ಪಿಂಗಾಣಿಯ ಸಣ್ಣ ಕಪ್ಪು, ಮುಕ್ಕಾಲು ಮಾತ್ರ ತುಂಬಿಸಿ. ಮಕ್ಕಳಿಗೆ ಹಾಲು ಜಾಸ್ತಿ, ಕಷಾಯ ಕಾಲುಭಾಗ. ಜೊತೆಗೆ ಸುಟ್ಟ ಹಲಸಿನ ಹಪ್ಪಳ ಇದ್ದರೆ ತಿಂಡಿಗೆ ಅರ್ಧ ಗಂಟೆ ತಡವಾದರೂ ಯಾರೂ ಕೇಳುವುದಿಲ್ಲ. ಹಿರಿಯರಿಗೆ ಕಪ್ಪು ಕೆಳಗಿಟ್ಟ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ಹರಿವಾಣ.

ಹೊರಡುವಾಗ ಎಲ್ಲರ ಚೀಲಕ್ಕೂ ಒಂದೊಂದು ಸಣ್ಣ ಬಾಟಲಿ ಪುಡಿ ಹಾಕಿ ಕಳಿಸುತ್ತೇನೆ. ಕಳೆದ ಜನವರಿಯಲ್ಲಿ, ಅವರು ಹೋಗಿ ವಾರವಾಗಿತ್ತು, ಟೀ ಕೇಳಿದ್ದ ಅದೇ ಹೆಣ್ಣುಮಗಳಿಂದ ರಾತ್ರಿ ಏಳರ ಹೊತ್ತಿಗೆ ಫೋನು.

“ಸರ್, ಮನೆಗೆ ಗೆಸ್ಟ್ ಬಂದಿದಾರೆ. ನೀವು ಕೊಟ್ಟ ಪುಡಿ ಹಾಕಿ ಕಷಾಯ ಮಾಡ್ತಿದ್ದೆ, ಹಾಲು ಒಡೆದುಹೋಯ್ತು. ಪುಡಿ ಏನಾದ್ರೂ ಹಳೇದಾ?”

“ಹಸಿ ಶುಂಠಿ ಹಾಕಿದ್ರಾ?”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಸ್ವಲ್ಪ, ಟೇಸ್ಟಿಗೆ ಅಂತ…”

ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಆಯಿ ನನ್ನ ಮುಖ ನೋಡಿದಳು.